ಇಪ್ಪತ್ತೊಂದು ತೇಪೆಗಳನ್ನು ಮುಚ್ಚದಿರುವ ಬಗ್ಗೆ

ಇಂದ:
ಬೈರಯ್ಯ ಬಿನ್ ದೊಡ್ಡಬೋರಯ್ಯ, ವಯಸ್ಸು ನಲವತ್ತರ ಮೇಲೆ, ಸ್ವಂತ ಊರು ಗೊರೂರು ಕಡೆ, ಕಸುಬು ಮೊದಲು ಆರಂಬ, ಈಗ ಹುಲ್ಲು. ಹಾಲಿ ವಾಸ: ಜಿನನಾಥಪುರ, ತಮ್ಮ ಮನೆಯ ಹಿಂದಿನ ಕೊಠಡಿ.

ಗೆ:
ಮಹಾರಾಜಶ್ರೀ ಜಿನಚಂದ್ರಯ್ಯನವರು, ಪೆನ್ಷನ್ ಪಡೆದ ಓವರ್‌ಸಿಯರ್, ಅದೇ ಮನೆಯ ಮುಂದಿನ ಜಗಲಿ.

ವಿಷಯ: ಲಾನಿನಲ್ಲಿ ಹುಲ್ಲು ಸತ್ತಿರುವ ಇಪ್ಪತ್ತೊಂದು ತೇಪೆಗಳನ್ನು ಮುಚ್ಚದೆ ಬಿಡಲು, ಮತ್ತು ಇನ್ನಷ್ಟು ತೇಪೆಗಳನ್ನು ಹೊಸದಾಗಿ ಮಾಡಲು ಅಪ್ಪಣೆ ಬೇಡುವ ಬಗ್ಗೆ.

ಉಲ್ಲೇಖ:
(೧) ತಮ್ಮ ಮೆಮೋ ನಂಬರು ೧೪, ತಾರೀಖು ೫-೧೦-೧೯೪೧.
(೨) ಅದಕ್ಕೆ ಹಿಂದಿನ ಹದಿಮೂರು ಮೆಮೋಗಳು.
(೩) ತಮ್ಮ ತಾಯಿಯವರಾದ ಮರುದೇವಮ್ಮನವರ ಬಾಯಿ ಹುಕುಂ, ಶ್ರಾವಣ ಮಾಸ, ಬಾವಿಕಟ್ಟೆ. ಇದಕ್ಕೆ ನಂಬರು ಇಲ್ಲ.

ಮಾನ್ಯರೇ,

ಬಾಯಿ ಮಾತು ಈ ಮನೆಯಲ್ಲಿ ನಡೆಯುವುದಿಲ್ಲ, ಏನಿದ್ದರೂ ಬರೆದು ಕೊಡತಕ್ಕದ್ದು ಎಂದು ತಾವು ಮೆಮೋ ನಂಬರು ೩ರಲ್ಲಿ ತಿಳಿಸಿರುವ ಕಾರಣ, ಮತ್ತು ಅರ್ಜಿದಾರನಿಗೆ ಓದುಬರಹ ಬಾರದ ಕಾರಣ, ಅವನು ಹೇಳಿದ್ದನ್ನು ಇದೇ ಊರಿನ ರುದ್ರಯ್ಯ ಮೇಷ್ಟರು ಬರೆಯುತ್ತಿದ್ದಾರೆ. ಯಾರು ಆಡಿದ ಮಾತನ್ನೂ ಆಡಿದ ಹಾಗೆಯೇ ಬರೆಯಬೇಕೆಂದು ಅರ್ಜಿದಾರನು ಹಟ ಹಿಡಿದಿದ್ದಾನೆ. ಆದ್ದರಿಂದ ಕಂಡುಬರುವ ತಪ್ಪುಗಳಲ್ಲಿ ಮಾತಿನವು ಅವನವು, ಅಕ್ಷರದವು ಮಾತ್ರ ಮೇಷ್ಟರವು.

೧. ಅರ್ಜಿದಾರನು ಬುದ್ಧಿ ಬಂದಂದಿನಿಂದ ರಾಗಿ ಹೊಲದಲ್ಲಿ ಗರಿಕೆ ಕಿತ್ತು ಬೆಳೆದವನು. ಸಾಲಿನಲ್ಲಿ ಒಂದು ಎಳೆ ಗರಿಕೆ ಉಳಿದರೂ ಅವನ ಅಪ್ಪ ಆ ದಿನ ಮುದ್ದೆ ಹಾಕಿಸುತ್ತಿರಲಿಲ್ಲ. ಅಂಥವನನ್ನು ತಾವು ಮೂರು ವರ್ಷದ ಹಿಂದೆ ಕರೆದು, ಮನೆಯ ಮುಂದೆ ಐವತ್ತೈದಡಿ ಉದ್ದ ನಲವತ್ತಡಿ ಅಗಲಕ್ಕೆ ಗರಿಕೆ ನೆಡಬೇಕೆಂದು ಅಪ್ಪಣೆ ಮಾಡಿದಿರಿ. ಆಗ ನಡೆದ ಮಾತು ಈ ಕೆಳಗಿನಂತೆ ಇರುತ್ತದೆ.

"ಬುದ್ಧೀ, ಹುಲ್ಲು ಕೀಳಾಕೆ ಆಳು ಇಟ್ಕಳೋದ ಕಂಡಿವ್ನಿ. ನೆಡಾಕೂ ಆಳಾ?"

"ಇದು ಹುಲ್ಲಲ್ಲ ಕಣಯ್ಯ, ಲಾನು."

"ದನ ಮೇಯಿಸ್ಬೌದಾ?"

"ದನ ಕಾಲಿಟ್ಟರೆ ನಿನ್ನ ಕೆಲಸ ಹೋಯ್ತು ಅಂತ ತಿಳಕೋ."

"ಅಂಗಾರೆ ಏತಕ್ಕೆ ಬುದ್ಧೀ?"

"ನೋಡೋದಕ್ಕೆ."

ಅರ್ಜಿದಾರನ ಹೆಂಡತಿ ಪುಟ್ಟತಾಯಮ್ಮನು ಈ ಮಾತನ್ನು ಕೇಳಿ ಮೂರು ದಿನ ಬಿಟ್ಟು ಬಿಟ್ಟು ನಕ್ಕಳು. ಆದರೂ ಉಪ್ಪು ತಿಂದ ಮನೆಯಾದ್ದರಿಂದ ಅರ್ಜಿದಾರನು ಗರಿಕೆ ನೆಟ್ಟನು.

೨. ಮೊದಲನೆಯ ವರ್ಷ ಗರಿಕೆ ಬರಲಿಲ್ಲ. ನೆಟ್ಟಿದ್ದು ಬಾರದೆ, ನೆಡದ ಕೊನ್ನಾರಿ ಗೆಡ್ಡೆ, ಉತ್ತರಾಣಿ, ತುಂಬೆ, ನೆಗ್ಗಿಲು ಮುಳ್ಳು ಎಲ್ಲವೂ ಬಂದವು. ಎರಡನೆಯ ವರ್ಷ ತಮ್ಮ ಹುಕುಮಿನ ಮೇರೆಗೆ ಹದಿನೆಂಟು ಗಾಡಿ ಕೆರೆಗೋಡು ಹೊಡೆಸಿ, ಕಣದ ರೋಣಗಲ್ಲು ಎಳೆಸಿ ನೆಲ ಮಟ್ಟ ಮಾಡಲಾಯಿತು. ಕೆರೆಯಿಂದ ಬಂದ ಮಣ್ಣು ಕೆರೆಯ ಕಳೆಯನ್ನೂ ಜೊತೆಗೆ ತಂದಿತ್ತು. ಕಳೆ ಕೀಳೋಣವೆಂದರೆ, ಆಷಾಢದಿಂದ ದೀಪಾವಳಿಯವರೆಗೆ ಚಾತುರ್ಮಾಸವಾದ್ದರಿಂದ ಕಾಂಪೌಂಡಿನ ಒಳಗೆ ನೆಲ ಅಗೆಯಕೂಡದು, ಒಂದು ಬೇರನ್ನೂ ಕೀಳಕೂಡದು ಎಂದು ತಮ್ಮ ತಾಯಿಯವರಾದ ದೊಡ್ಡಮ್ಮನವರ ಕಟ್ಟುನಿಟ್ಟು. ಮಳೆಗಾಲದಲ್ಲಿ ಕಳೆ ಕೀಳುವಂತಿಲ್ಲ. ಬೇಸಗೆಯಲ್ಲಿ ಕೀಳೋಣವೆಂದರೆ ನೆಲ ಕಲ್ಲಾಗಿ ಕಳೆ ಅರ್ಧಕ್ಕೆ ಕಿತ್ತು ಕೈಗೆ ಬರುತ್ತದೆ. ಕಾರಣ ಲಾನು ಹುಳುಕಡ್ಡಿ ಹತ್ತಿದ ತಲೆಯ ಹಾಗೆ ಇತ್ತು ಎಂಬುದನ್ನು ಅರ್ಜಿದಾರನು ಒಪ್ಪುತ್ತಾನೆ. ತಮ್ಮ ಮೆಮೋ ನಂಬರು ೭ರಲ್ಲಿಯೂ ಇದೇ ಹೋಲಿಕೆ ಇದೆಯೆಂದು ಮೇಷ್ಟರು ಓದಿ ಹೇಳಿದರು.

೩. ಆದರೆ ಈ ವರ್ಷ ಅರ್ಜಿದಾರನು ಯುಗಾದಿಯಿಂದ ಹಿಡಿದು ಚಾತುರ್ಮಾಸ ಹಿಡಿಯುವ ಹಿಂದಿನ ದಿನದವರೆಗೆ ಮಂಡಿಯೂರಿ ಕುಳಿತು, ಬಾವಿಯ ನೀರು ಹೊತ್ತು ನೆಲ ನೆನೆಸಿ ನೆನೆಸಿ, ಕೊನ್ನಾರಿಯನ್ನು ಗೆಡ್ಡೆ ಸಮೇತ ಎತ್ತಿದನು. ಬರಿದಾದ ಕಡೆಯಲ್ಲೆಲ್ಲ ಗರಿಕೆಯ ಬೇರನ್ನು ಗೇಣಿಗೊಂದರಂತೆ ಕೂರಿಸಿದನು. ಶ್ರಾವಣದ ಮಳೆಗೆ ಗೇಟಿನಿಂದ ಜಗಲಿಯವರೆಗೆ ಎಲ್ಲಿಯೂ ಅಂಗೈಯಗಲ ಮಣ್ಣು ಕಾಣದ ಹಾಗೆ ಹುಲ್ಲು ಮುಚ್ಚಿಕೊಂಡಿತು. ತಾವು ಬೆತ್ತದ ಕುರ್ಚಿಯಿಂದ ಎದ್ದು ಬಂದು, "ಭೇಷ್ ಬೈರಯ್ಯ!" ಎಂದಿರಿ. ಮೂರು ವರ್ಷದಲ್ಲಿ ತಾವು ಮೆಚ್ಚಿ ಆಡಿದ ಮಾತು, ಮೆಮೋದಲ್ಲಾಗಲಿ ಬಾಯಲ್ಲಾಗಲಿ, ಅದೊಂದೇ ಆದ್ದರಿಂದ ಅರ್ಜಿದಾರನಿಗೆ ಅದು ಚೆನ್ನಾಗಿ ನೆನಪಿದೆ. ತಮ್ಮ ಹಳೆಯ ದೊಡ್ಡ ಇಂಜಿನಿಯರ್ ಸಾಹೇಬರು ಮುಸಾಫಿರಖಾನೆಯ ಅಂಗಳದಲ್ಲಿ ನಿಂತು ಒಂದು ಸಲ, "ನಿಮ್ಮ ಕೈಲಿ ರಸ್ತೆ ಆಗುತ್ತೆ, ಹುಲ್ಲು ಆಗೋಲ್ಲ" ಎಂದು ನಾಲ್ಕು ಜನರ ಎದುರಿಗೆ ಅಂದಿದ್ದರೆಂದೂ, ಅವರನ್ನು ಕರೆಸಿ ಇದನ್ನು ತೋರಿಸದೆ ಬಿಡುವುದಿಲ್ಲವೆಂದೂ ತಾವು ಆ ದಿನವೇ ಹೇಳಿದಿರಿ.

೪. ಈಗ ಅರ್ಜಿದಾರನು ತಮಗೆ ತಿಳಿಯದ ಸಂಗತಿಗೆ ಬರುತ್ತಾನೆ.

ಈ ವರ್ಷ ಮುನಿಗಳೊಬ್ಬರು ಬೆಳಗೊಳದ ಬಸದಿಯಲ್ಲಿ ಚಾತುರ್ಮಾಸಕ್ಕೆ ನಿಂತಿದ್ದು, ದಿನಕ್ಕೊಂದು ಕಡೆ ನಡೆದು ಬಂದು, ಕರೆದವರ ಮನೆಯಲ್ಲಿ ಎಲ್ಲವೂ ಸರಿ ಕಂಡರೆ ಒಂದೇ ಹೊತ್ತು, ನಿಂತು, ಬೊಗಸೆಯಲ್ಲಿ ಆಹಾರ ತೆಗೆದುಕೊಳ್ಳುತ್ತಾರೆ. ಹಸುರಿಗೂ ಜೀವವಿದೆಯೆಂದು ಅದರ ಮೇಲೆ ಕಾಲಿಡುವುದಿಲ್ಲ. ಇದು ತಮಗೆ ಹುಟ್ಟಿನಿಂದ ತಿಳಿದದ್ದು. ಅರ್ಜಿದಾರನಿಗೆ ಆ ದಿನದವರೆಗೆ ತಿಳಿಯದ್ದು. ತಿಳಿದವರಿಗೆ ಲಾನು ಹಾಕಿಸುವಾಗ ನೆನಪಾಗಲಿಲ್ಲ, ತಿಳಿಯದವನು ಅದನ್ನು ಬೆಳೆದುಬಿಟ್ಟನು. ಗೇಟಿನಿಂದ ಇದ್ದ ಕಾಲುದಾರಿಯನ್ನು ತಾವೇ ಅಗೆಸಿ ಹುಲ್ಲು ಹಾಕಿಸಿ, ಓಡಾಡುವ ದಾರಿಯನ್ನು ಕೊಟ್ಟಿಗೆಯ ಪಕ್ಕಕ್ಕೆ ತಿರುಗಿಸಿದ್ದೀರಿ.

ಶ್ರಾವಣದ ಒಂದು ಗುರುವಾರ ಹತ್ತು ಗಂಟೆಯ ಸುಮಾರಿಗೆ, ತಾವು ಯುದ್ಧದ ಸುದ್ದಿಯ ಪತ್ರಿಕೆ ತರಲು ಬೆಳಗೊಳದ ಅಂಚೆ ಕಚೇರಿಗೆ ಹೋಗಿದ್ದಾಗ, ಮುನಿಗಳು ಈ ಬೀದಿಗೆ ಬಂದರು. ದೊಡ್ಡಮ್ಮನವರು ಮಡಿಯುಟ್ಟು, ಸೊಸೆಯನ್ನು ಪಕ್ಕಕ್ಕೆ ನಿಲ್ಲಿಸಿಕೊಂಡು, ಕಲಶ ಹಿಡಿದು ಜಗಲಿಯ ಮೇಲಿನಿಂದ ಬಿನ್ನಹ ಮಾಡಿ ಕರೆದರು. ಮುನಿಗಳು ಗೇಟಿನ ತನಕ ಬಂದರು. ನೆಲ ನೋಡಿದರು. ಅರ್ಜಿದಾರನ ಮೂರು ವರ್ಷದ ದುಡಿಮೆ ಅವರ ಮುಂದೆ ಹಸುರಾಗಿ ಮಲಗಿತ್ತು. ಅವರು ಹಿಂದಿರುಗಿ ಪಕ್ಕದ ಚಂದ್ರಪ್ರಭಯ್ಯನವರ ಮನೆಗೆ ಹೋದರು. ಆ ಮನೆಯ ಅಂಗಳದಲ್ಲಿ ಸಗಣಿ ಸಾರಿಸಿದ ನೆಲ. ಹುಲ್ಲೆಂದರೆ ದನದ ಬಾಯಲ್ಲಿ ಇದ್ದರೆ ಉಂಟು.

ಮಧ್ಯಾಹ್ನ ಆ ಮನೆಯ ಅನಂತಮತಮ್ಮನವರು ಗೋಡೆಯ ಮೇಲಿನಿಂದ ಇಣುಕಿ, "ಅತ್ತೆಮ್ಮ, ನಿಮ್ಮನೆ ಹುಲ್ಲು ಈ ಸಲ ಬಹಳ ಚೆಂದ ಬಂದಿದೆ ಕಣ್ರೀ" ಎಂದರು. ದೊಡ್ಡಮ್ಮನವರು ಆ ದಿನ ಊಟ ಮಾಡಲಿಲ್ಲ.

೫. ಮಾರನೆಯ ಬೆಳಗ್ಗೆ ಅರ್ಜಿದಾರನು ಗೇಟಿನ ಹೊರಗಿನ ಬಾವಿಯಲ್ಲಿ ನೀರು ಸೇದುತ್ತಿರುವಾಗ ದೊಡ್ಡಮ್ಮನವರು ಅಲ್ಲಿಗೆ ಬಂದರು.

"ಲೇ ಬೈರ, ಆ ಹಸುರಿನ ಮೇಲೆ ಅವರು ಹೆಂಗೋ ಕಾಲಿಡ್ತಾರೆ?"

"ಮೆತ್ತಗೈತಲ್ಲವ್ವಾ."

"ಅದಕ್ಕೇ ಕಣೋ ಇಡೋಲ್ಲ."

ಆಗ ಅವರು ಎಲ್ಲವನ್ನೂ ಬಿಡಿಸಿ ಹೇಳಿದರು. ಅರ್ಜಿದಾರನು ತನಗೆ ತೋಚಿದ ಉಪಾಯಗಳನ್ನು ಸೂಚಿಸಿದನು.

"ಒಂದು ಅಲಗೆ ಆಸ್ಬುಡ್ಲಾ ಅವ್ವಾರೇ?"

"ಹಲಗೆ ಕೆಳಗಿರೋ ಹುಲ್ಲಿಗೆ ಜೀವ ಇಲ್ವೇನೋ?"

"ಕೊಟ್ಟಿಗೆ ಪಕ್ಕದ ದಾರೀಲಿ ಕರ್ಕಂಡು ಬಂದ್ರೆ?"

"ತಿಪ್ಪೆಗುಂಡಿ ದಾಟಿಸಿ ಕರಕೊಂಡು ಬರ್ಲಾ ಮುನಿಗಳನ್ನ? ಬಾಯಿ ಮುಚ್ಚು."

"ಅಂಗಾರೆ ಯಜಮಾನ್ರಿಗೆ ಒಂದು ಮಾತು ಏಳ್ಬುಡಿ. ತಾಯಿ ಏಳುದ್ರೆ ಇಲ್ಲ ಅಂದಾರಾ?"

"ಇಲ್ಲ ಅನ್ನೋಲ್ಲ ಕಣೋ. ಬರಕೊಡಿ ಅಂತಾನೆ. ನಕ್ಷೆ ಮಾಡ್ತಾನೆ, ಎಸ್ಟಿಮೇಟು ಮಾಡ್ತಾನೆ. ಅಷ್ಟೊತ್ತಿಗೆ ಚಾತುರ್ಮಾಸ ಮುಗಿದು ಅವರು ಯಾವ ಊರೋ. ನಂಗೆ ಎಪ್ಪತ್ತಾರು. ಮುಂದಿನ ಚಾತುರ್ಮಾಸಕ್ಕೆ ನಾನೆಲ್ಲೋ."

ಹೀಗೆಂದು ಅವರು ಮೂರನೆಯ ಉಲ್ಲೇಖದಲ್ಲಿ ಹೇಳಿರುವ ಹುಕುಮನ್ನು ಕೊಟ್ಟರು: "ನೋಡು ಬೈರ, ನಾನು ಕೀಳು ಅಂತಲೂ ಹೇಳೋಲ್ಲ, ತುಳಿ ಅಂತಲೂ ಹೇಳೋಲ್ಲ. ನೀನು ದಿನಾ ನೀರು ಹೊತ್ತು ಎಲ್ಲಿ ನಡೀತೀಯೋ, ಅದು ನಿನ್ನ ನಡಿಗೆ."

ಅರ್ಜಿದಾರನು, "ಆಯ್ತು ಬುಡಿ ಅವ್ವಾ. ಪಾಪ ಏನಾರ ಬಂದ್ರೆ ನನ್ ಮ್ಯಾಲೆ ಬರ್ಲಿ, ನಂಗಿನ್ನೂ ಜಾಗ ಐತೆ" ಎಂದನು.

೬. ಇಲ್ಲಿ ರುದ್ರಯ್ಯ ಮೇಷ್ಟರು ಲೇಖನಿ ಕೆಳಗಿಟ್ಟು, "ಲೋ, ಮುಂದಿನದನ್ನ ಬರೆದರೆ ನಿನ್ನ ಕುತ್ತಿಗೇನ ನೀನೇ ಒಡ್ಡಿದ ಹಂಗೆ. ಹುಲ್ಲಿಗೆ ರೋಗ ಬಂತು ಅಂತಲೇ ಬಿಡೋಣ" ಎಂದರು. ಅರ್ಜಿದಾರನು, "ಬರೀರಿ ಸಾ. ರೋಗ ಅಂತ, ಬುದ್ಧಿಯೋರು ಮಣ್ಣು ಕಳ್ಸಿರೋ ಆಸನದಿಂದ ಔಸ್ದಿ ಬಂದ್ರೆ ಅದ್ನೂ ನಾನೇ ಉಯ್ಬೇಕು" ಎಂದನು. ಆದ್ದರಿಂದ ಬರೆಯಲಾಗಿದೆ.

ಅದೇನೆಂದರೆ, ಆ ದಿನದಿಂದ ಅರ್ಜಿದಾರನು ಬಾವಿಯಿಂದ ಎರಡು ಕೊಡ ನೀರು ಹೊತ್ತು, ಕೊಟ್ಟಿಗೆಯ ಪಕ್ಕದ ದಾರಿಯನ್ನು ಬಿಟ್ಟು, ಗೇಟಿನಿಂದ ಜಗಲಿಯ ಗುಡಾಣದವರೆಗೆ ಲಾನಿನ ಮೇಲೆಯೇ ನಡೆದನು. ನಿನ್ನೆ ಕಾಲಿಟ್ಟ ಕಡೆಯೇ ಇವತ್ತೂ ಇಟ್ಟನು. ಹೀಗೆ ಬೆಳಗ್ಗೆ ಹದಿನೈದು ಸಲ, ಸಂಜೆ ಹದಿನೈದು ಸಲ. ಹುಲ್ಲು ಮೊದಲು ಮಲಗಿತು, ಆಮೇಲೆ ಹಳದಿಯಾಯಿತು, ಆಮೇಲೆ ಇಲ್ಲವಾಯಿತು. ತಾನು ನೆಟ್ಟದ್ದನ್ನು ತಾನೇ ತುಳಿಯುವಾಗ ಅರ್ಜಿದಾರನಿಗೆ ಏನನ್ನಿಸಿತು ಎಂಬುದು ಅರ್ಜಿಗೆ ಸಂಬಂಧವಿಲ್ಲದ ಕಾರಣ ಬರೆದಿಲ್ಲ. ನೆಗ್ಗಿಲಿನ ಒಣಮುಳ್ಳುಗಳನ್ನು ಮಾತ್ರ ತೇಪೆಗಳಿಂದ ಕೈಯಲ್ಲೇ ಆರಿಸಿ ತೆಗೆಯಲಾಯಿತು. ಒಣಗಿದ್ದಕ್ಕೆ ಜೀವವಿಲ್ಲವೆಂದು ದೊಡ್ಡಮ್ಮನವರು ಒಪ್ಪಿದ್ದಾರೆ.

ತಾವು ಒಂದು ದಿನ ಕುರ್ಚಿಯಿಂದ, "ಏನೋ ಬೈರ, ಕಾಲಿಗೆ ಏನಾದರೂ ಕಚ್ಚಿತಾ? ಎಣಿಸಿ ಎಣಿಸಿ ಇಡ್ತಿದ್ದೀಯಲ್ಲ" ಎಂದು ಕೇಳಿದಿರಿ. ಅರ್ಜಿದಾರನು, "ಸೊಂಟ ಇಡ್ಕಂಡೈತೆ ಬುದ್ಧೀ" ಎಂದು ಸುಳ್ಳು ಹೇಳಿದನು. ತಾವು ನೋವಿನೆಣ್ಣೆಯ ಸೀಸೆ ಕೊಟ್ಟಿರಿ. ಆ ಸೀಸೆಯನ್ನು ಈ ಅರ್ಜಿಯೊಂದಿಗೆ ಹಿಂದಕ್ಕೆ ಕೊಟ್ಟಿದೆ.

೭. ತೇಪೆಗಳು ಇಪ್ಪತ್ತೊಂದು ಆದವು. ತಾವು ಟೇಪು ಹಿಡಿದು ಅಳೆದು, ತೇಪೆಯಿಂದ ತೇಪೆಗೆ ಗೇಟಿನ ಹತ್ತಿರ ಎರಡಡಿ ಇದ್ದದ್ದು ಜಗಲಿಯ ಹತ್ತಿರ ಎರಡಡಿ ಹನ್ನೊಂದಂಗುಲ ಇದೆಯೆಂದೂ, ಇಂಥ ಲೆಕ್ಕಾಚಾರದ ರೋಗವನ್ನು ಸರ್ವೀಸಿನಲ್ಲಿ ಕಂಡಿಲ್ಲವೆಂದೂ ಬರೆದು, ಮಣ್ಣಿನ ಪೊಟ್ಟಣವೊಂದನ್ನು ಹಾಸನಕ್ಕೆ ಪರೀಕ್ಷೆಗೆ ಕಳಿಸಿದಿರಿ. ಅಳತೆ ಸರಿಯಾಗಿದೆ. ಕೊಡ ಹೊತ್ತವನು ಮೊದಲು ನಿಧಾನವಾಗಿ ನಡೆದು, ಇಳಿಸುವ ಜಾಗ ಕಂಡಂತೆಲ್ಲ ಹೆಜ್ಜೆ ಬೀಸುವುದು ಸಹಜ.

೮. ಮೊನ್ನೆ ಶನಿವಾರ, ತಾವು ಪತ್ರಿಕೆಗೆ ಹೋಗಿದ್ದಾಗ, ಮುನಿಗಳು ಮತ್ತೆ ಬಂದರು.

ದೊಡ್ಡಮ್ಮನವರು ಕರೆದರು. ಮುನಿಗಳು ಗೇಟಿನಲ್ಲಿ ನಿಂತು ನೆಲ ನೋಡಿದರು. ಮೊದಲನೆಯ ತೇಪೆಯ ಮೇಲೆ ಕಾಲಿಟ್ಟರು. ಎರಡನೆಯದಕ್ಕೆ ಇಟ್ಟರು. ಅರ್ಜಿದಾರನು ಬಾವಿಯ ಹಗ್ಗ ಹಿಡಿದುಕೊಂಡು ಹಾಗೇ ನಿಂತಿದ್ದನು; ಕೊಡ ನೀರಿನಲ್ಲೇ ಉಳಿಯಿತು. ಮೂರು, ನಾಲ್ಕು, ಐದು. ಆರನೆಯದಕ್ಕೆ ಅವರು ಕಾಲನ್ನು ಚಾಚಬೇಕಾಯಿತು. ಆರನೆಯದರ ಮೇಲೆ ನಿಂತು ಏಳನೆಯದನ್ನು ನೋಡಿದರು. ಮುನಿಗಳು ಜಿಗಿಯುವವರಲ್ಲ. ಒಂದು ಗಳಿಗೆ ನಿಂತರು. ಆಮೇಲೆ ತಿರುಗಿ, ಅದೇ ಆರು ತೇಪೆಗಳ ಮೇಲೆ ಹಿಂದಕ್ಕೆ ನಡೆದು ಹೊರಟುಹೋದರು. ಆ ದಿನ ಅವರು ಇನ್ನು ಯಾವ ಮನೆಗೂ ಹೋಗದೆ ಉಪವಾಸದಲ್ಲೇ ಬಸದಿಗೆ ಹಿಂದಿರುಗಿದರೆಂದು ತಿಳಿದುಬಂದಿದೆ.

ಸಂಜೆ ದೊಡ್ಡಮ್ಮನವರು ಬಾವಿಯ ಹತ್ತಿರ ಬಂದು ಕೇಳಿದ್ದು ಇಷ್ಟು:

"ಬೈರ, ನೀನು ಎಷ್ಟು ಎತ್ತರ ಇದ್ದೀಯೋ?"

"ಪಟಾಲಮ್ಗೆ ಜನ ಆರ್ಸೋರು ಅಳ್ದಾಗ ಆರಡಿ ಮ್ಯಾಲೆ ಒಂದು ಬೆರಳು ಅಂದ್ರು ಅವ್ವಾರೇ."

"ಅವರು ನನ್ನೆತ್ತರ ಕಣೋ."

ಬೈಯಲಿಲ್ಲ. ಬೈದಿದ್ದರೆ ಅರ್ಜಿದಾರನು ಈ ಅರ್ಜಿಯನ್ನು ಬರೆಸುತ್ತಿರಲಿಲ್ಲ.

೯. ಮಾರನೆಯ ದಿನ ತಮ್ಮ ಮೆಮೋ ನಂಬರು ೧೪ ಬಂದಿತು. ಬರುವ ಭಾನುವಾರ ದೊಡ್ಡ ಇಂಜಿನಿಯರ್ ಸಾಹೇಬರು ಬರುವವರಿದ್ದು, ಅಷ್ಟರೊಳಗೆ ಹಿತ್ತಲಿನ ಹುಲ್ಲನ್ನು ಹೆಂಟೆ ಸಮೇತ ತಂದು ಇಪ್ಪತ್ತೊಂದು ತೇಪೆಗಳಿಗೂ ಕೂರಿಸತಕ್ಕದ್ದು; ತಪ್ಪಿದರೆ ಕೆಲಸದಿಂದ ವಜಾ ಮಾಡಿ ಕೊಠಡಿ ಖಾಲಿ ಮಾಡಿಸಲಾಗುವುದು ಎಂದು ಅದರಲ್ಲಿ ಇದೆ. ಪುಟ್ಟತಾಯಮ್ಮನು ಆಗಲೇ ಎರಡು ಗಂಟು ಕಟ್ಟಿರುತ್ತಾಳೆ. ದೀಪಾವಳಿಗೆ ಮುನಿಗಳ ಚಾತುರ್ಮಾಸ ಮುಗಿಯುತ್ತದೆ. 'ಬೇರೆ ಊರಿಗೆ ಹೊರಡುತ್ತಾರೆ' ಎಂದು ಬಸದಿಯ ಪೂಜಾರರು ಹೇಳಿದ್ದಾರೆ. ಉಳಿದಿರುವುದು ಹದಿನಾಲ್ಕು ದಿನ.

೧೦. ಇಂಜಿನಿಯರ್ ಸಾಹೇಬರು ಹುಲ್ಲಿನ ಮೇಲೂ ನಡೆಯಬಲ್ಲರು, ತೇಪೆಯ ಮೇಲೂ ನಡೆಯಬಲ್ಲರು, ಕೊಟ್ಟಿಗೆಯ ಪಕ್ಕದಿಂದಲೂ ಬರಬಲ್ಲರು. ಮುನಿಗಳಿಗೆ ಆ ಅನುಕೂಲ ಇರುವುದಿಲ್ಲ. ಲಾನು ಒಮ್ಮೆ ಬಂದದ್ದು ಇನ್ನೊಮ್ಮೆಯೂ ಬರುತ್ತದೆ. ಗರಿಕೆಯನ್ನು ಕೊಂದವರು ಯಾರೂ ಇಲ್ಲ, ಇದನ್ನು ಅರ್ಜಿದಾರನು ತನ್ನ ಅಪ್ಪನ ಕಾಲದಿಂದ ಬಲ್ಲನು.

ಆದ್ದರಿಂದ, ಮೇಲ್ಕಂಡ ಕಾರಣಗಳಿಂದ, ಅರ್ಜಿದಾರನು ಬೇಡಿಕೊಳ್ಳುವುದೇನೆಂದರೆ:

(ಅ) ಇಪ್ಪತ್ತೊಂದು ತೇಪೆಗಳನ್ನು ದೀಪಾವಳಿಯವರೆಗೆ ಮುಚ್ಚಿಸಬಾರದು. ಅರ್ಜಿದಾರನನ್ನು ವಜಾ ಮಾಡುವುದಿದ್ದರೆ ದೀಪಾವಳಿಯ ಮಾರನೆಯ ದಿನ ಮಾಡಬಹುದು. ಗಂಟು ಬಿಚ್ಚಿಸುವುದಿಲ್ಲ.

(ಆ) ಆರನೆಯ ತೇಪೆಯಿಂದ ಜಗಲಿಯವರೆಗೆ ನಡುನಡುವೆ ಹೊಸ ತೇಪೆಗಳು ಬೇಕು. ಎಷ್ಟೆಷ್ಟು ಅಂತರಕ್ಕೆ ಎಂಬುದನ್ನು ಅಳೆಯಬಲ್ಲವರು ಈ ಮನೆಯಲ್ಲಿ ತಾವೊಬ್ಬರೇ. ಶುಕ್ರವಾರ ಮಳೆ ಬಂದಿದ್ದರಿಂದ, ಗೇಟಿನ ಹೊರಗೆ ಬೀದಿಯ ಕೆಸರಿನಲ್ಲಿ ಮುನಿಗಳ ಸಹಜ ನಡಿಗೆಯ ನಾಲ್ಕು ಹೆಜ್ಜೆಗಳು ಉಳಿದಿವೆ. ಅವು ಅಳಿಯದಂತೆ ಅರ್ಜಿದಾರನು ನಾಲ್ಕು ಮಂಕರಿ ಕವುಚಿಟ್ಟಿದ್ದಾನೆ. ಚಂದ್ರಪ್ರಭಯ್ಯನವರು ನಿನ್ನೆ, "ಏನೋ ಅದು, ಬಸ್ತಿ ಬೀದೀಲಿ ಕೋಳಿ ಕವುಚಿದ್ದೀಯಾ?" ಎಂದು ಕೂಗಾಡಿದ್ದಾರೆ. ಗಾಡಿಯವರೂ ಸುತ್ತಿಕೊಂಡು ಹೋಗಬೇಕೆಂದು ಗೊಣಗುತ್ತಿದ್ದಾರೆ. ಆದ ಕಾರಣ ಅಳತೆ ನಾಳೆಯೇ ಆದರೆ ಒಳ್ಳೆಯದು.

(ಇ) ಐವತ್ತು ದಿನ ಹಿಡಿದ ಕೆಲಸ ಹದಿನಾಲ್ಕು ದಿನದಲ್ಲಿ ಒಬ್ಬನಿಂದ ಆಗುವುದಿಲ್ಲ. ಅರ್ಜಿದಾರನ ಹೆಜ್ಜೆಯಂತೂ ಇದಕ್ಕೆ ಉಪಯೋಗವಿಲ್ಲ. ಪುಟ್ಟತಾಯಮ್ಮನು ಗಿಡ್ಡಗಿದ್ದಾಳೆ, ಅವಳು ಕೊಡ ಹೊರಲು ಒಪ್ಪಿದ್ದಾಳೆ. ತಾವು ಡಾಕ್ಟರ ಮಾತಿನಂತೆ ಬೆಳಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ಬೆಳಗೊಳದ ರಸ್ತೆಯಲ್ಲಿ ತಿರುಗಾಡುತ್ತೀರಿ. ತಾವು ನಿಂತಾಗ ದೊಡ್ಡಮ್ಮನವರ ಎತ್ತರವೇ ಇದ್ದೀರೆಂಬುದನ್ನು ಅರ್ಜಿದಾರನು ನಿನ್ನೆ ಗಮನಿಸಿದನು. ಆದ್ದರಿಂದ ದೀಪಾವಳಿಯವರೆಗೆ ಆ ತಿರುಗಾಟವನ್ನು ಗೇಟಿನಿಂದ ಜಗಲಿಗೆ, ಜಗಲಿಯಿಂದ ಗೇಟಿಗೆ ಎಂದು ವರ್ಗಾಯಿಸಿಕೊಳ್ಳಬೇಕಾಗಿ ಪ್ರಾರ್ಥನೆ. ಪಾಪದ ವಿಷಯ ಕಲಂ ೫ರಲ್ಲಿ ಈಗಾಗಲೇ ತೀರ್ಮಾನವಾಗಿದೆ.

(ಈ) ಈ ಅರ್ಜಿ ಬಂದದ್ದನ್ನು ದೊಡ್ಡಮ್ಮನವರಿಗೆ ತಿಳಿಸಬಾರದು. ಅವರು ಯಾರಿಗೂ ಏನೂ ಹೇಳಿಲ್ಲ.

ಇಂತಿ, ಭಾನುವಾರದವರೆಗಂತೂ ತಮ್ಮ ವಿಶ್ವಾಸಿ,

ಬೈರಯ್ಯ (ಎಡಗೈ ಹೆಬ್ಬೆಟ್ಟು)
ಜಿನನಾಥಪುರ, ತಾರೀಖು ೬-೧೦-೧೯೪೧
ಬರೆದವರು: ರುದ್ರಯ್ಯ ಮೇಷ್ಟರು

ಲಗತ್ತುಗಳು:
(೧) ಮೆಮೋ ನಂಬರು ೧೪, ಅಸಲು.
(೨) ನೋವಿನೆಣ್ಣೆಯ ಸೀಸೆ, ಒಂದು, ಮುಕ್ಕಾಲು ತುಂಬಿದ್ದು. ಕಾಲು ಭಾಗವನ್ನು ಪುಟ್ಟತಾಯಮ್ಮನು ಬಳಸಿರುತ್ತಾಳೆ. ಅವಳ ಸೊಂಟ ನಿಜವಾಗಿ ನೋಯುತ್ತದೆ.
(೩) ಹೆಜ್ಜೆ ಗುರುತು, ನಾಲ್ಕು. ಲಗತ್ತಿಸಲು ಬಾರದ ಕಾರಣ ಬೀದಿಯಲ್ಲೇ ಇಡಲಾಗಿದೆ.

ಷರಾ: ಕಲಂ (ಇ)ಗೆ ಸೇರಿಸಿ ಓದತಕ್ಕದ್ದು. ತಾವು ನಡೆಯುವಾಗ ಬೂಟು ಹಾಕಿಕೊಂಡೇ ನಡೆಯಬೇಕಾಗಿ ಕೋರಿಕೆ. ಹುಲ್ಲು ಬೇಗ ಸವೆಯುತ್ತದೆ.